ಕರ್ನಾಟಕದ ವೈನ್

ಕರ್ನಾಟಕದ ವೈನ್ ಎಂದರೆ ಕರ್ನಾಟಕ ರಾಜ್ಯದಲ್ಲಿ ಬೆಳೆದ ದ್ರಾಕ್ಷಿಯ ರಸವನ್ನು ಹುದುಗಿಸಿ ತಯಾರಿಸುವ ಪಾನೀಯ. ಇದನ್ನು ದ್ರಾಕ್ಷಾರಸ ಎಂದೂ ಕರೆಯಲಾಗುತ್ತದೆ. ಭಾರತದಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕ ವೈನ್ ತಯಾರಿಸುವ ಎರಡು ಪ್ರಮುಖ ರಾಜ್ಯಗಳಾಗಿವೆ. ಕರ್ನಾಟಕದಲ್ಲಿ ನಂದಿಬೆಟ್ಟದ ತಪ್ಪಲು, ಕೃಷ್ಣಾ ನದಿಯ ಕಣಿವೆ, ಹಂಪಿ ಗುಡ್ಡಗಳು ಮತ್ತು ಕಾವೇರಿ ಕಣಿವೆ ವೈನ್ ದ್ರಾಕ್ಷಿಯ ಮುಖ್ಯ ನೆಲೆಗಳು. ಜಗತ್ತಿನ ಹಲವು ಪ್ರಸಿದ್ಧ ವೈನ್ ಪ್ರದೇಶಗಳಲ್ಲಿ ಬಳ್ಳಿಗೆ ಬೇಕಾದ ತಂಪನ್ನು ಕಡಲು ಒದಗಿಸುತ್ತದೆ. ಕರ್ನಾಟಕದಲ್ಲಿ ಆ ಕೆಲಸವನ್ನು ಬಯಲುಸೀಮೆಯ ಎತ್ತರ ಮತ್ತು ಚಳಿಗಾಲದ ರಾತ್ರಿಗಳು ಮಾಡುತ್ತವೆ. ಇಲ್ಲಿನ ಬೇಸಾಯಕ್ರಮ, ತಳಿಗಳ ಆಯ್ಕೆ ಮತ್ತು ವೈನಿನ ರುಚಿ ಈ ವ್ಯತ್ಯಾಸವನ್ನೇ ಅವಲಂಬಿಸಿವೆ.

ಹೆಸರು

ಕನ್ನಡದಲ್ಲಿ ದ್ರಾಕ್ಷಾರಸ ಎಂಬ ಪದಕ್ಕೆ ದ್ರಾಕ್ಷಿಯ ರಸ ಎಂಬುದೇ ನೇರ ಅರ್ಥ. ಆದರೆ ಬೈಬಲಿನ ಕನ್ನಡ ಅನುವಾದಗಳಲ್ಲಿ ಹುದುಗಿಸಿದ ರಸಕ್ಕೂ ಇದೇ ಪದ ಬಳಕೆಯಾಗಿದೆ. ಆಯುರ್ವೇದದ ದ್ರಾಕ್ಷಾಸವ ಮತ್ತು ದ್ರಾಕ್ಷಾರಿಷ್ಟಗಳು ಹುದುಗುವಿಕೆಯಿಂದಲೇ ಸಿದ್ಧವಾಗುವ ಔಷಧಗಳಾಗಿದ್ದು, ಅವನ್ನು ವೈನ್ ಎಂದು ಪರಿಗಣಿಸಲಾಗುವುದಿಲ್ಲ. ಆಡುಮಾತಿನಲ್ಲಿ ವೈನ್ ಎಂಬ ಇಂಗ್ಲಿಷ್ ಪದವೇ ರೂಢಿಯಲ್ಲಿದೆ.

ಕರ್ನಾಟಕದ ಪಟ್ಟಣಗಳಲ್ಲಿ 'ವೈನ್ಸ್' ಅಥವಾ 'ವೈನ್ ಸ್ಟೋರ್' ಎಂಬ ಫಲಕವಿರುವ ಅಂಗಡಿಗಳು ಸಾಮಾನ್ಯವಾಗಿ ಎಲ್ಲ ಬಗೆಯ ಮದ್ಯವನ್ನು ಮಾರುತ್ತವೆ. ಅಲ್ಲಿ ಹೆಚ್ಚಾಗಿ ಮಾರಾಟವಾಗುವುದು ವಿಸ್ಕಿ, ರಮ್, ಬ್ರಾಂದಿ ಮತ್ತು ಬಿಯರ್. ಈ ಕಾರಣದಿಂದ ವೈನ್ ಎಂಬ ಪದಕ್ಕೆ ಮದ್ಯ ಎಂಬ ಸಾಮಾನ್ಯ ಅರ್ಥವೂ ಬಂದಿದೆ. ವಿಸ್ಕಿ ಮತ್ತು ರಮ್‌ಗಳು ಬಟ್ಟಿ ಇಳಿಸಿದ ಪಾನೀಯಗಳು. ಭಾರತದಲ್ಲಿ ಅವುಗಳಿಗೆ ಬೇಕಾದ ಮದ್ಯಸಾರದ ಬಹುಭಾಗ ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ ಮತ್ತು ಧಾನ್ಯಗಳಿಂದ ದೊರೆಯುತ್ತದೆ. ವೈನನ್ನು ಬಟ್ಟಿ ಇಳಿಸುವುದಿಲ್ಲ. ಅದು ಹಣ್ಣಿನ ರಸ ಹುದುಗಿದಾಗ ದೊರೆಯುವ ಪಾನೀಯ.

ಇತಿಹಾಸ

ಪ್ರಾಚೀನ ಭಾರತದಲ್ಲಿ ದ್ರಾಕ್ಷಿಯ ಮದ್ಯ ಪರಿಚಿತವಾಗಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ರಾಕ್ಷಿಯ ಮದ್ಯವನ್ನು 'ಮಧು' ಎಂದು ಕರೆಯಲಾಗಿದೆ. ಅದಕ್ಕೆ ಅಲ್ಲಿ ನೀಡಿರುವ ಕಾಪಿಶಾಯನ ಮತ್ತು ಹಾರಹೂರಕ ಎಂಬ ಹೆಸರುಗಳು ವಾಯವ್ಯದ ಪ್ರದೇಶಗಳಿಗೆ ಸಂಬಂಧಿಸಿದವು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಮಾರುಕಟ್ಟೆಯ ಹಣ್ಣುಗಳ ಜೊತೆಗೆ ದ್ರಾಕ್ಷಿಯನ್ನೂ ಉಲ್ಲೇಖಿಸಿದ್ದಾನೆ.

19ನೇ ಶತಮಾನದಿಂದ ಬೆಂಗಳೂರಿನ ಸುತ್ತಮುತ್ತ 'ಬೆಂಗಳೂರು ನೀಲಿ' ಎಂಬ ತಳಿಯ ಬೇಸಾಯ ಹರಡಿತು. ಇದನ್ನು ತಿನ್ನಲು, ರಸ ತೆಗೆಯಲು ಮತ್ತು ಸಿಹಿ ವೈನ್ ತಯಾರಿಸಲು ಬಳಸಲಾಗುತ್ತಿತ್ತು. ಯೂರೋಪಿನ ವೈನ್ ತಳಿಗಳನ್ನು ವಾಣಿಜ್ಯಮಟ್ಟದಲ್ಲಿ ಬೆಳೆಸುವ ಪ್ರಯತ್ನ 1980ರ ದಶಕದಲ್ಲಿ ಆರಂಭವಾಯಿತು. ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಪ್ರದೇಶದ ವೈನ್ ತಜ್ಞ ಜಾರ್ಜ್ ವೆಸೆಲ್ ಅವರ ಸಹಯೋಗದಲ್ಲಿ ಹಲವು ಫ್ರೆಂಚ್ ತಳಿಗಳನ್ನು ಪರೀಕ್ಷಿಸಿ, 1988ರಲ್ಲಿ ದೊಡ್ಡಬಳ್ಳಾಪುರದ ಸಮೀಪ ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಸ್ಥಾಪಿಸಿದರು. 1992ರಲ್ಲಿ ಇದರ ಮೊದಲ ವೈನ್ ಹೊರಬಂದಿತು. 1990ರ ದಶಕದ ಮಧ್ಯಭಾಗದಿಂದ ಬೋರ್ಡೊ ಪ್ರದೇಶದ ತಜ್ಞ ಮಿಶೆಲ್ ರೋಲಾನ್ ಈ ಸಂಸ್ಥೆಯ ಸಲಹೆಗಾರರಾದರು. ಕ್ಯಾಬರ್ನೆ ಸೊವಿನ್ಯೊನ್ ಮತ್ತು ಶಿರಾಜ್ ತಳಿಗಳನ್ನು ಬೆರೆಸಿ ತಯಾರಿಸುವ 'ಲಾ ರಿಸರ್ವ್' ಈ ಸಂಸ್ಥೆಯ ಹೆಸರಾಂತ ಕೆಂಪು ವೈನ್ ಆಗಿದೆ. 2012ರಲ್ಲಿ ಸಂಸ್ಥೆಯು ನಾಸಿಕ್‌ನ ವ್ಯಾಲೇ ದ ವಿನ್ ಸಂಸ್ಥೆಯೊಂದಿಗೆ ವಿಲೀನಗೊಂಡು ಗ್ರೋವರ್ ಜಾಂಪಾ ಎಂಬ ಹೆಸರು ಪಡೆಯಿತು.

ಮಹಾರಾಷ್ಟ್ರ 2001ರಲ್ಲಿ ದ್ರಾಕ್ಷಿ ಸಂಸ್ಕರಣಾ ನೀತಿಯನ್ನು ಪ್ರಕಟಿಸಿತು. ಕರ್ನಾಟಕ ಸರ್ಕಾರ ತನ್ನ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು 2007ರಲ್ಲಿ ಜಾರಿಗೆ ತಂದಿತು. ವೈನ್ ತಯಾರಿಕೆಯನ್ನು ತೋಟಗಾರಿಕೆಗೆ ಪೂರಕವಾದ ಉದ್ಯಮವಾಗಿ ಬೆಳೆಸಿ, ದ್ರಾಕ್ಷಿ ಬೆಳೆಗಾರರಿಗೆ ಹೊಸ ಮಾರುಕಟ್ಟೆ ಒದಗಿಸುವುದು ಈ ನೀತಿಯ ಆಶಯವಾಗಿತ್ತು. ಇದರ ಅನುಷ್ಠಾನಕ್ಕಾಗಿ ದ್ರಾಕ್ಷಿ ಮತ್ತು ವೈನ್ ಮಂಡಳಿಯನ್ನು ರಚಿಸಲಾಯಿತು. ಅದೇ ವರ್ಷ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟವನ್ನು ನಿಷೇಧಿಸಲಾಯಿತು.

ಹವಾಗುಣ

ವೈನ್ ದ್ರಾಕ್ಷಿಯ ಸಾಂಪ್ರದಾಯಿಕ ನೆಲೆಗಳು ಉತ್ತರ ಮತ್ತು ದಕ್ಷಿಣ ಗೋಳಾರ್ಧಗಳ ಸುಮಾರು 30ರಿಂದ 50 ಡಿಗ್ರಿ ಅಕ್ಷಾಂಶಗಳ ನಡುವೆ ಇವೆ. ಇವುಗಳಲ್ಲಿ ತಂಪು ಕರಾವಳಿ ಪ್ರದೇಶಗಳಿಗೆ ವಿಶೇಷ ಸ್ಥಾನವಿದೆ. ಚಿಲಿ ದೇಶದ ಕಾಸಾಬ್ಲಾಂಕಾ ಕಣಿವೆ, ಕ್ಯಾಲಿಫೋರ್ನಿಯಾದ ಸೊನೋಮಾ ಕರಾವಳಿ ಮತ್ತು ನ್ಯೂಜಿಲೆಂಡಿನ ಮಾರ್ಲ್‌ಬರೋ ಇದಕ್ಕೆ ಉದಾಹರಣೆಗಳು. ಚಿಲಿ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಶೀತ ಸಾಗರಪ್ರವಾಹಗಳಿಂದ ಹುಟ್ಟುವ ಮಂಜು ಮತ್ತು ಕಡಲಗಾಳಿ ತೋಟಗಳನ್ನು ತಂಪಾಗಿಡುತ್ತವೆ. ಇದರಿಂದ ಹಣ್ಣು ನಿಧಾನವಾಗಿ ಮಾಗುತ್ತದೆ, ಅದರ ಹುಳಿ ಉಳಿಯುತ್ತದೆ, ಪರಿಮಳ ಬೆಳೆಯುತ್ತದೆ.

ಕರ್ನಾಟಕದ ಕರಾವಳಿಯ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅರಬ್ಬೀ ಸಮುದ್ರ ಬೆಚ್ಚಗಿನದು. ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಜನವರಿಯ ರಾತ್ರಿಗಳಲ್ಲಿಯೂ ಉಷ್ಣಾಂಶ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಗಾಳಿಯ ತೇವದಿಂದ ಬಳ್ಳಿಗೆ ಶಿಲೀಂಧ್ರ ರೋಗಗಳು ತಗಲುತ್ತವೆ. ಆದ್ದರಿಂದ ಕರಾವಳಿಯಲ್ಲಿ ವೈನ್ ದ್ರಾಕ್ಷಿಯ ವಾಣಿಜ್ಯ ಬೇಸಾಯ ನೆಲೆಗೊಂಡಿಲ್ಲ.

ನಂದಿಬೆಟ್ಟದ ತಪ್ಪಲು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದ್ದು, ಸುತ್ತಲಿನ ತೋಟಗಳು ಸುಮಾರು 900 ಮೀಟರ್ ಎತ್ತರದಲ್ಲಿವೆ. ಪ್ರತಿ 1,000 ಮೀಟರ್ ಏರಿಕೆಗೆ ಉಷ್ಣಾಂಶ ಸರಾಸರಿ 6.5 ಡಿಗ್ರಿಯಷ್ಟು ಇಳಿಯುವುದರಿಂದ, ಈ ಪ್ರದೇಶ ಸಮುದ್ರಮಟ್ಟಕ್ಕಿಂತ ಸುಮಾರು 6 ಡಿಗ್ರಿ ತಂಪಾಗಿರುತ್ತದೆ. ಕಾಯಿ ಬಲಿಯುವ ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಹಗಲಿನಲ್ಲಿ ಒಳ್ಳೆಯ ಬಿಸಿಲು, ರಾತ್ರಿಯಲ್ಲಿ ಚಳಿ ಇರುತ್ತದೆ. ಹಗಲಿನ ಬಿಸಿಲಿನಲ್ಲಿ ಸಕ್ಕರೆ ಕೂಡಿಕೊಳ್ಳುತ್ತದೆ. ರಾತ್ರಿಯ ತಂಪಿನಲ್ಲಿ ಹುಳಿ ಬೇಗನೆ ಕರಗುವುದಿಲ್ಲ.

ಆದರೆ ಎತ್ತರವು ಕಡಲಿಗೆ ಪೂರ್ಣ ಬದಲಿಯಲ್ಲ. ಯೂರೋಪಿನಲ್ಲಿ ಹಣ್ಣು ಮಾಗುವ ವೇಳೆಗೆ ಬೇಸಿಗೆ ಕಳೆದು ಹವೆ ತಂಪಾಗುತ್ತಾ ಹೋಗುತ್ತದೆ. ಕರ್ನಾಟಕದಲ್ಲಿ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಹಣ್ಣು ಮಾಗುವಾಗ ಬೇಸಿಗೆ ಏರತೊಡಗುತ್ತದೆ. ಕೊಯ್ಲು ಕೆಲವು ದಿನ ತಡವಾದರೂ ಹುಳಿ ಇಳಿದು ವೈನ್ ಸಪ್ಪೆಯಾಗಬಹುದು. ಆದ್ದರಿಂದ ಗೊಂಚಲುಗಳನ್ನು ನಸುಕಿನಲ್ಲಿ ಕೊಯ್ದು, ಬಿಸಿಲೇರುವ ಮುನ್ನ ತಯಾರಿಕಾ ಘಟಕಕ್ಕೆ ಸಾಗಿಸುವ ಕ್ರಮವಿದೆ.

ಬೇಸಾಯ

ಶೀತದೇಶಗಳಲ್ಲಿ ದ್ರಾಕ್ಷಿಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಸುಪ್ತಾವಸ್ಥೆಗೆ ಹೋಗುತ್ತದೆ. ಕರ್ನಾಟಕದಲ್ಲಿ ಅಷ್ಟು ಚಳಿ ಇಲ್ಲದ ಕಾರಣ ಬಳ್ಳಿ ವರ್ಷವಿಡೀ ಹಸಿರಾಗಿರುತ್ತದೆ. ಅದರ ವಾರ್ಷಿಕ ಚಕ್ರವನ್ನು ಬೆಳೆಗಾರರು ಸವರುವಿಕೆಯ ಮೂಲಕ ನಿಯಂತ್ರಿಸುತ್ತಾರೆ. ಉತ್ತರ ಕರ್ನಾಟಕದ ರೈತರು ಇದನ್ನು 'ಚಾಟ್ನಿ' ಎನ್ನುತ್ತಾರೆ.

ವರ್ಷಕ್ಕೆ ಎರಡು ಬಾರಿ ಚಾಟ್ನಿ ನಡೆಯುತ್ತದೆ. ಕೊಯ್ಲಿನ ಬಳಿಕ ಏಪ್ರಿಲ್ ಸುಮಾರಿಗೆ ಮಾಡುವ ಮೊದಲ ಚಾಟ್ನಿಯಿಂದ ಹೊಸ ಕಡ್ಡಿಗಳು ಬೆಳೆಯುತ್ತವೆ. ಮುಂದಿನ ಫಸಲಿನ ಹೂಮೊಗ್ಗುಗಳು ಅವುಗಳಲ್ಲಿಯೇ ರೂಪುಗೊಳ್ಳುತ್ತವೆ. ಮಳೆಗಾಲ ಹಿಂದೆಗೆಯುವ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಫಲಕ್ಕಾಗಿ ಎರಡನೆಯ ಚಾಟ್ನಿ ಮಾಡಲಾಗುತ್ತದೆ. ಕಣ್ಣುಗಳು ಒಂದೇ ಸಮನಾಗಿ ಒಡೆಯಲು ಹೈಡ್ರೋಜನ್ ಸಯನಮೈಡ್ ಲೇಪಿಸುವುದುಂಟು. ಹೀಗೆ ಎರಡು ಬಾರಿ ಸವರಿ ಒಂದೇ ಫಸಲು ಪಡೆಯುವುದು ಇಲ್ಲಿನ ವೈನ್ ದ್ರಾಕ್ಷಿ ಬೇಸಾಯದ ವೈಶಿಷ್ಟ್ಯ. ಗಡುಸಾದ ಬೆಂಗಳೂರು ನೀಲಿ ತಳಿಯಿಂದ ವರ್ಷಕ್ಕೆ ಎರಡು ಫಸಲು ತೆಗೆಯುವ ರೂಢಿಯಿದೆ.

ಎರಡನೆಯ ಚಾಟ್ನಿಯ ದಿನವನ್ನು ಆರಿಸುವುದು ಬೆಳೆಗಾರನ ಮುಖ್ಯ ನಿರ್ಧಾರ. ಬೇಗ ಸವರಿದರೆ ಎಳೆಯ ಚಿಗುರು ಮತ್ತು ಹೂಗೊಂಚಲುಗಳು ಹಿಂಗಾರು ಮಳೆಗೆ ಸಿಲುಕಿ ಬೂಜು ತುಪ್ಪಟ ರೋಗಕ್ಕೆ ತುತ್ತಾಗುತ್ತವೆ. ತಡವಾಗಿ ಸವರಿದರೆ ಹಣ್ಣು ಕಡುಬೇಸಿಗೆಯಲ್ಲಿ ಮಾಗಬೇಕಾಗುತ್ತದೆ. ಬೂದಿ ರೋಗ ಮತ್ತು ಚಿಬ್ಬು ರೋಗ ಇತರ ಪ್ರಮುಖ ಬಾಧೆಗಳು. ಬರ ಮತ್ತು ಉಪ್ಪಿನಂಶವನ್ನು ತಾಳಿಕೊಳ್ಳಲು ವೈನ್ ತಳಿಗಳನ್ನು ಡಾಗ್‌ರಿಡ್ಜ್ ಮುಂತಾದ ಬೇರುಸಸಿಗಳ ಮೇಲೆ ಕಸಿ ಮಾಡಲಾಗುತ್ತದೆ. ನೀರನ್ನು ಹನಿ ನೀರಾವರಿಯಿಂದ ಒದಗಿಸಲಾಗುತ್ತದೆ. ತಿನ್ನುವ ದ್ರಾಕ್ಷಿಯನ್ನು ಚಪ್ಪರದ ಮೇಲೆ ಹಬ್ಬಿಸಿದರೆ, ವೈನ್ ದ್ರಾಕ್ಷಿಯನ್ನು ಹೆಚ್ಚಾಗಿ ಸಾಲುಗಂಬಗಳಿಗೆ ಕಟ್ಟಿದ ತಂತಿಗಳ ಮೇಲೆ ಬೆಳೆಸಲಾಗುತ್ತದೆ.

ಪ್ರದೇಶಗಳು

ನಂದಿ ಕಣಿವೆ: ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆಂಪುಮಣ್ಣಿನ ಪ್ರದೇಶ. ನಾಲ್ಕು ನೆಲೆಗಳಲ್ಲಿ ಇದೇ ಹೆಚ್ಚು ತಂಪಾದುದು. ಇಲ್ಲಿ ನದಿ ನೀರಾವರಿ ಇಲ್ಲ. ತೋಟಗಳು ಕೊಳವೆಬಾವಿಗಳನ್ನು ಅವಲಂಬಿಸಿವೆ. ಅಂತರ್ಜಲದ ಕುಸಿತ ಮತ್ತು ಬೆಂಗಳೂರಿನ ವಿಸ್ತರಣೆಯಿಂದ ಏರಿರುವ ಭೂಮಿಯ ಬೆಲೆ ಇಲ್ಲಿನ ಬೇಸಾಯಕ್ಕೆ ಎದುರಾಗಿರುವ ಸವಾಲುಗಳು.

ಕೃಷ್ಣಾ ಕಣಿವೆ: ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳ ಒಣಪ್ರದೇಶ. ವಿಜಯಪುರ ರಾಜ್ಯದ ಅತ್ಯಂತ ಪ್ರಮುಖ ದ್ರಾಕ್ಷಿ ಜಿಲ್ಲೆಯಾಗಿದ್ದು, ಅಲ್ಲಿನ ಬೆಳೆಯ ಬಹುಭಾಗ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಸಂಬಂಧಿ ತಳಿಗಳದು. ಇದರಲ್ಲಿ ಹೆಚ್ಚಿನ ಪಾಲು ಒಣದ್ರಾಕ್ಷಿಯಾಗುತ್ತದೆ. ವೈನ್ ತಳಿಗಳ ಪಾಲು ಕಡಿಮೆ.

ಹಂಪಿ ಗುಡ್ಡಗಳು: ಕೊಪ್ಪಳ ಜಿಲ್ಲೆಯ ಕಲ್ಲುಗುಡ್ಡಗಳ ನಡುವಿನ ಪ್ರದೇಶ. ಕೃಷ್ಮಾ ಎಸ್ಟೇಟ್ಸ್ ಇಲ್ಲಿ ಕ್ಯಾಬರ್ನೆ ಸೊವಿನ್ಯೊನ್ ಮೊದಲಾದ ತಳಿಗಳನ್ನು ಬೆಳೆದು ವೈನ್ ತಯಾರಿಸುತ್ತದೆ.

ಕಾವೇರಿ ಕಣಿವೆ: ರಾಮನಗರದಿಂದ ಮೈಸೂರಿನವರೆಗಿನ ಪ್ರದೇಶ. ಮಳವಳ್ಳಿಗೆ ನೆರೆಯ ತಾಲ್ಲೂಕಾದ ತಿರುಮಕೂಡಲು ನರಸೀಪುರದಲ್ಲಿ ಆಲ್ಪೈನ್ ವೈನರೀಸ್‌ನ ತೋಟಗಳಿವೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಚನ್ನಪಟ್ಟಣದ ಸಮೀಪವಿರುವ ಹೆರಿಟೇಜ್ ವೈನ್ ಘಟಕವನ್ನು ನಾಸಿಕ್‌ನ ಸುಲಾ ಸಂಸ್ಥೆ 2017ರಲ್ಲಿ ಕೊಂಡುಕೊಂಡಿತು. ಅದು ಈಗ ಡೊಮೇನ್ ಸುಲಾ ಎಂಬ ಹೆಸರಿನಲ್ಲಿ ಪ್ರವಾಸಿಗರಿಗೂ ತೆರೆದಿದೆ.

ಇವೆರಡರ ನಡುವೆ ಇರುವ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ದ್ರಾಕ್ಷಿ ಮುಖ್ಯ ಬೆಳೆಯಲ್ಲ. ಕೃಷ್ಣರಾಜ ಸಾಗರದ ನಾಲೆಗಳ ನೀರು ಹರಿಯುವ ಈ ಸೀಮೆಯಲ್ಲಿ ಕಬ್ಬು ಮತ್ತು ಭತ್ತ ಪ್ರಧಾನವಾಗಿವೆ. ಮಂಡ್ಯದ ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಸ್ಥಾಪನೆಯಾಯಿತು, ಭಾರತೀನಗರದಲ್ಲಿಯೂ (ಕೆ.ಎಂ. ದೊಡ್ಡಿ) ಸಕ್ಕರೆ ಕಾರ್ಖಾನೆಯಿದೆ. ನೀರು ನಿಲ್ಲುವ ಗದ್ದೆಬಯಲು ದ್ರಾಕ್ಷಿಗೆ ಹೊಂದುವುದಿಲ್ಲ. ಬಳ್ಳಿಗೆ ನೀರು ಬಸಿದುಹೋಗುವ ನೆಲ ಬೇಕು. ಹೀಗಾಗಿ ಕಾವೇರಿ ಕಣಿವೆಯಲ್ಲಿ ದ್ರಾಕ್ಷಿಗೆ ಒದಗುವುದು ನಾಲೆಯ ಬಯಲಿಗಿಂತ ಹೆಚ್ಚಾಗಿ ಅದರಾಚೆಯ ಕೆಂಪುಮಣ್ಣಿನ ಮೇಡುಭೂಮಿ.

ತಳಿಗಳು

ಬೆಂಗಳೂರು ನೀಲಿ ಕರ್ನಾಟಕದ ವಿಶಿಷ್ಟ ತಳಿ. ಇದು ಅಮೆರಿಕ ಮೂಲದ ವೈಟಿಸ್ ಲಾಬ್ರುಸ್ಕಾ ಪ್ರಭೇದದ ಸಂಬಂಧವುಳ್ಳದ್ದು. ಕಪ್ಪುನೀಲಿ ಬಣ್ಣದ ದಪ್ಪ ಸಿಪ್ಪೆ, ಬೀಜ, ಗಾಢವಾದ ಪರಿಮಳ ಮತ್ತು ಎದ್ದು ಕಾಣುವ ಹುಳಿ ಇದರ ಲಕ್ಷಣಗಳು. ರೋಗ ತಾಳಿಕೊಳ್ಳುವ ಗುಣವಿರುವುದರಿಂದ ಸಣ್ಣ ಹಿಡುವಳಿದಾರರು ಇದನ್ನು ನೆಚ್ಚಿಕೊಂಡಿದ್ದಾರೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆಯಿತು. ಸಿಹಿಯಾದ ಪೋರ್ಟ್ ಮಾದರಿಯ ವೈನ್‌ಗಳಿಗೆ ಇದು ಆಧಾರ.

ಯೂರೋಪ್ ಮೂಲದ ಕೆಂಪು ತಳಿಗಳಲ್ಲಿ ಶಿರಾಜ್ ಮತ್ತು ಕ್ಯಾಬರ್ನೆ ಸೊವಿನ್ಯೊನ್, ಬಿಳಿ ತಳಿಗಳಲ್ಲಿ ಸೊವಿನ್ಯೊನ್ ಬ್ಲಾಂ, ಶೆನಿನ್ ಬ್ಲಾಂ ಮತ್ತು ವಿಯೋನಿಯೆ ಹೆಚ್ಚಾಗಿ ಬೆಳೆಯಲ್ಪಡುತ್ತವೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ವೈನಿಗೆ ಒದಗುವ ಅರ್ಕಾ ಶ್ಯಾಮ್, ಅರ್ಕಾ ಸೋಮ, ಅರ್ಕಾ ತೃಷ್ಣಾ ಮೊದಲಾದ ಸಂಕರಣ ತಳಿಗಳನ್ನು ಅಭಿವೃದ್ಧಿಪಡಿಸಿದೆ. ಇವುಗಳಲ್ಲಿ ಅರ್ಕಾ ಶ್ಯಾಮ್ ತಳಿಯು ಬೆಂಗಳೂರು ನೀಲಿ ಮತ್ತು ಬ್ಲ್ಯಾಕ್ ಚಂಪಾ ತಳಿಗಳ ಸಂಕರಣದಿಂದ ಹುಟ್ಟಿದುದು.

ತಯಾರಿಕೆ

ಕೊಯ್ಲಿನ ಹೊತ್ತಿಗೆ ವೈನ್ ದ್ರಾಕ್ಷಿಯ ಸಕ್ಕರೆಯಂಶ ಸಾಮಾನ್ಯವಾಗಿ 20ರಿಂದ 24 ಬ್ರಿಕ್ಸ್‌ನಷ್ಟಿರುತ್ತದೆ. ಯೀಸ್ಟ್ ಈ ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತದೆ. ಒಂದು ಲೀಟರ್ ರಸದಲ್ಲಿನ ಸುಮಾರು 17 ಗ್ರಾಂ ಸಕ್ಕರೆಯಿಂದ ಶೇ 1ರಷ್ಟು ಮದ್ಯಸಾರ ಉಂಟಾಗುತ್ತದೆ. 750 ಮಿಲಿಲೀಟರಿನ ಒಂದು ಬಾಟಲಿಗೆ ಒಂದು ಕಿಲೋಗ್ರಾಮಿಗೂ ತುಸು ಹೆಚ್ಚು ದ್ರಾಕ್ಷಿ ಬೇಕಾಗುತ್ತದೆ.

ಬಿಳಿ ವೈನಿಗೆ ಹಣ್ಣನ್ನು ಹಿಂಡಿ, ಸಿಪ್ಪೆ ಬೇರ್ಪಡಿಸಿ, ರಸವನ್ನು ಮಾತ್ರ ಸುಮಾರು 12–18 ಡಿಗ್ರಿಯಲ್ಲಿ ಹುದುಗಿಸಲಾಗುತ್ತದೆ. ಕೆಂಪು ವೈನಿಗೆ ಸಿಪ್ಪೆ ಮತ್ತು ಬೀಜಗಳ ಸಹಿತ ಇನ್ನೂ ಹೆಚ್ಚಿನ ಉಷ್ಣಾಂಶದಲ್ಲಿ ಹುದುಗಿಸಲಾಗುತ್ತದೆ. ಬಣ್ಣ ಮತ್ತು ಒಗರು ಸಿಪ್ಪೆಯಿಂದ ಬರುತ್ತವೆ. ಕೆಲವು ಕೆಂಪು ವೈನ್‌ಗಳನ್ನು ಓಕ್ ಮರದ ಪೀಪಾಯಿಗಳಲ್ಲಿಟ್ಟು ಹದಗೊಳಿಸಲಾಗುತ್ತದೆ. ಬಿಸಿ ಹವೆಯಲ್ಲಿ ಹುದುಗು ಅತಿಯಾಗಿ ಕಾವೇರದಂತೆ ತಡೆಯಲು ಶೀತಲೀಕರಣವುಳ್ಳ ಉಕ್ಕಿನ ತೊಟ್ಟಿಗಳು ಅಗತ್ಯ. ಇದರ ವಿದ್ಯುತ್ ವೆಚ್ಚ ಶೀತದೇಶಗಳಿಗಿಂತ ಇಲ್ಲಿ ಹೆಚ್ಚು.

ಮನೆಯ ವೈನ್

ದ್ರಾಕ್ಷಿ ಬೆಳೆಯದ ಕರಾವಳಿಯಲ್ಲಿಯೇ ವೈನ್ ತಯಾರಿಸುವ ಮನೆಮಾತಿನ ಪರಂಪರೆ ಉಳಿದಿದೆ. ಮಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ ಕ್ರಿಸ್‌ಮಸ್‌ಗೆ ಕೆಲವು ವಾರಗಳ ಮುಂಚೆಯೇ ದ್ರಾಕ್ಷಿ ಹಿಸುಕಿ, ಸಕ್ಕರೆ, ಕುದಿಸಿ ಆರಿಸಿದ ನೀರು, ಯೀಸ್ಟ್ ಮತ್ತು ಹಲವೊಮ್ಮೆ ಒಂದು ಹಿಡಿ ಗೋಧಿ ಸೇರಿಸಿ ಪಿಂಗಾಣಿ ಭರಣಿಗಳಲ್ಲಿ ಇಡುತ್ತಾರೆ. ಪ್ರತಿದಿನ ಮರದ ಸೌಟಿನಿಂದ ಕದಡಿ, ಮೂರು ವಾರಗಳ ಆಸುಪಾಸಿನಲ್ಲಿ ಸೋಸುತ್ತಾರೆ. ಕೆಲವರು ಚಕ್ಕೆ ಮತ್ತು ಲವಂಗಗಳನ್ನೂ ಬಳಸುತ್ತಾರೆ. ಹಬ್ಬದ ದಿನ ಕುಸ್ವಾರ್ ತಿಂಡಿಗಳ ಜೊತೆಗೆ ಇದನ್ನು ಸಣ್ಣ ಲೋಟಗಳಲ್ಲಿ ನೀಡಲಾಗುತ್ತದೆ. ಕೊಡಗಿನಲ್ಲಿ ದ್ರಾಕ್ಷಿಯ ಜೊತೆಗೆ ಇತರ ಹಣ್ಣುಗಳಿಂದಲೂ ಮನೆಯ ವೈನ್ ತಯಾರಿಸುವ ರೂಢಿಯಿದೆ. ಪರವಾನಗಿ ಇಲ್ಲದೆ ಇಂತಹ ವೈನ್ ಮಾರುವುದು ಕಾನೂನುಬಾಹಿರ.

ಆಸ್ವಾದನೆ

ವೈನನ್ನು ಬಡಿಸುವ ಉಷ್ಣಾಂಶ ಅದರ ರುಚಿಯ ಮೇಲೆ ಪ್ರಭಾವ ಬೀರುತ್ತದೆ. ಬಿಳಿ ವೈನಿಗೆ 8–12 ಡಿಗ್ರಿ, ಕೆಂಪು ವೈನಿಗೆ 15–18 ಡಿಗ್ರಿ ಸೂಕ್ತವೆನಿಸಿದೆ. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಬಡಿಸಬೇಕೆಂಬ ಮಾತು ಯೂರೋಪಿನ ತಂಪು ಮನೆಗಳಿಗೆ ಸಂಬಂಧಿಸಿದುದು. ಕರ್ನಾಟಕದಲ್ಲಿ ಬೇಸಿಗೆಯ ಕೋಣೆ 30 ಡಿಗ್ರಿ ಮುಟ್ಟುವುದರಿಂದ, ಕೆಂಪು ವೈನನ್ನೂ ಸುಮಾರು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಬಡಿಸುವುದು ಒಳಿತು. ಲೋಟವನ್ನು ಮೂರನೆಯ ಒಂದು ಭಾಗದಷ್ಟು ಮಾತ್ರ ತುಂಬಿ, ಬಣ್ಣ ನೋಡಿ, ಮೆಲ್ಲಗೆ ತಿರುಗಿಸಿ, ಪರಿಮಳ ಗ್ರಹಿಸಿ, ಬಳಿಕ ಸಣ್ಣ ಗುಟುಕಾಗಿ ಸವಿಯುವುದು ಕ್ರಮ. ಹುಳಿ, ಸಿಹಿ, ಒಗರು ಮತ್ತು ಮದ್ಯಸಾರದ ಕಾವು ಹೊಂದಿಕೊಂಡಿವೆಯೇ ಎಂಬುದನ್ನು ಇದರಿಂದ ತಿಳಿಯಬಹುದು.

ಕರ್ನಾಟಕದ ಖಾರದ ಅಡುಗೆಯೊಂದಿಗೆ ವೈನ್ ಆರಿಸುವಾಗ ಎರಡು ಅಂಶಗಳನ್ನು ಗಮನಿಸಲಾಗುತ್ತದೆ. ಹೆಚ್ಚಿನ ಮದ್ಯಸಾರ ಮತ್ತು ಒಗರು ಮೆಣಸಿನ ಉರಿಯನ್ನು ಹೆಚ್ಚಿಸುತ್ತವೆ; ತುಸು ಸಿಹಿ ಮತ್ತು ತಂಪು ಅದನ್ನು ತಗ್ಗಿಸುತ್ತವೆ. ಆದ್ದರಿಂದ ಖಾರವಾದ ಕೋಳಿ ಸಾರು ಮುದ್ದೆಯ ಊಟಕ್ಕೆ ಗಾಢವಾದ ಕೆಂಪು ವೈನಿಗಿಂತ ತುಸು ಸಿಹಿಯಾದ ಶೆನಿನ್ ಬ್ಲಾಂ ಹೆಚ್ಚು ಹೊಂದುತ್ತದೆ. ಮದ್ದೂರು ವಡೆಯಂತಹ ಕರಿದ ತಿಂಡಿಗೆ ಮತ್ತು ಕರಾವಳಿಯ ಹುರಿದ ಮೀನಿಗೆ ಹುಳಿ ಮುಂದಾಗಿರುವ ಸೊವಿನ್ಯೊನ್ ಬ್ಲಾಂ ಒಪ್ಪುತ್ತದೆ. ಖಾರ ಮಿತವಾಗಿರುವ ಸುಟ್ಟ ಕುರಿಮಾಂಸಕ್ಕೆ ಶಿರಾಜ್ ಸೂಕ್ತ. ತೆರೆದ ಬಾಟಲಿಯನ್ನು ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೂ ಕೆಲವೇ ದಿನಗಳಲ್ಲಿ ಅದು ರುಚಿ ಕಳೆದುಕೊಳ್ಳುತ್ತದೆ.

ಬೆಳೆಗಾರರು ಮತ್ತು ಮಾರುಕಟ್ಟೆ

ತಿನ್ನುವ ದ್ರಾಕ್ಷಿ ಒಂದು ಮಾರುಕಟ್ಟೆಯಲ್ಲಿ ಬೆಲೆ ಕಳೆದುಕೊಂಡರೆ ಇನ್ನೊಂದಕ್ಕೆ ಹೋಗಬಹುದು ಅಥವಾ ಒಣದ್ರಾಕ್ಷಿಯಾಗಬಹುದು. ವೈನ್ ದ್ರಾಕ್ಷಿಗೆ ಆ ಅವಕಾಶವಿಲ್ಲ. ಅದರ ಹಣ್ಣು ಸಣ್ಣದು, ಬೀಜ ಹೆಚ್ಚು. ಅದನ್ನು ತಿನ್ನಲು ಯಾರೂ ಕೊಳ್ಳುವುದಿಲ್ಲ. ಆದ್ದರಿಂದ ಬೆಳೆಗಾರರು ತಯಾರಕರೊಂದಿಗೆ ಮುಂಗಡ ಒಪ್ಪಂದ ಮಾಡಿಕೊಳ್ಳುತ್ತಾರೆ, ಮತ್ತು ಅವರ ಭವಿಷ್ಯ ಆ ಒಪ್ಪಂದವನ್ನು ಅವಲಂಬಿಸಿರುತ್ತದೆ. 2008ರ ಆರ್ಥಿಕ ಹಿಂಜರಿತದ ನಂತರ ಮಹಾರಾಷ್ಟ್ರದಲ್ಲಿ ವೈನ್ ಬೇಡಿಕೆ ಕುಸಿದಾಗ, ಹಲವು ರೈತರು ಫಲ ಕೊಡುತ್ತಿದ್ದ ಬಳ್ಳಿಗಳನ್ನೇ ಕೀಳಬೇಕಾಯಿತು. 2020ರ ಲಾಕ್‌ಡೌನ್ ಕೊಯ್ಲಿನ ತಿಂಗಳುಗಳಲ್ಲಿಯೇ ಬಂದು, ಚಿಕ್ಕಬಳ್ಳಾಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು ಮಾರುಕಟ್ಟೆಯಿಲ್ಲದೆ ನಷ್ಟ ಅನುಭವಿಸಿದರು. ತಿನ್ನಲೂ, ರಸಕ್ಕೂ, ವೈನಿಗೂ ಒದಗುವ ಬೆಂಗಳೂರು ನೀಲಿ, ಕಡಿಮೆ ಬೆಲೆಯದಾದರೂ ಸಣ್ಣ ರೈತರ ತೋಟಗಳಲ್ಲಿ ಉಳಿದುಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಮದ್ಯ ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯವಾಗಿದ್ದು, ಸರಕು ಮತ್ತು ಸೇವಾ ತೆರಿಗೆಯ ವ್ಯಾಪ್ತಿಯ ಹೊರಗಿದೆ. ಪ್ರತಿ ರಾಜ್ಯದ ತೆರಿಗೆ ಮತ್ತು ಪರವಾನಗಿ ನಿಯಮಗಳು ಬೇರೆಬೇರೆಯಾಗಿರುವುದರಿಂದ, ಸಣ್ಣ ತಯಾರಕರಿಗೆ ನೆರೆರಾಜ್ಯದಲ್ಲಿ ಮಾರುವುದು ಕಷ್ಟ. ಬೆಂಗಳೂರು, ಮೈಸೂರು ಮುಂತಾದ ನಗರಗಳಲ್ಲಿ ನಡೆಯುವ ವೈನ್ ಮೇಳಗಳು ಮತ್ತು ತೋಟಗಳಿಗೆ ಏರ್ಪಡಿಸುವ ಪ್ರವಾಸಗಳು ಅವರಿಗೆ ಗ್ರಾಹಕರನ್ನು ನೇರವಾಗಿ ತಲುಪುವ ದಾರಿಗಳಾಗಿವೆ.

ಕಾನೂನು ಮತ್ತು ಆರೋಗ್ಯ

ರಾಜ್ಯದಲ್ಲಿ ವೈನ್ ತಯಾರಿಕೆ ಮತ್ತು ಮಾರಾಟ 1965ರ ಕರ್ನಾಟಕ ಅಬಕಾರಿ ಅಧಿನಿಯಮಕ್ಕೆ ಒಳಪಟ್ಟಿವೆ. ಪರವಾನಗಿ ನಿಯಮಗಳ ಪ್ರಕಾರ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಸಂವಿಧಾನದ 47ನೇ ವಿಧಿಯು ಆರೋಗ್ಯಕ್ಕೆ ಹಾನಿಕರವಾದ ಮಾದಕ ಪಾನೀಯಗಳ ನಿಷೇಧಕ್ಕೆ ಪ್ರಯತ್ನಿಸಬೇಕೆಂದು ರಾಜ್ಯಕ್ಕೆ ನಿರ್ದೇಶಿಸುತ್ತದೆ. ವೈನ್ ಉದ್ಯಮಕ್ಕೆ ಸರ್ಕಾರ ನೀಡುವ ಪ್ರೋತ್ಸಾಹವನ್ನು ವಿರೋಧಿಸುವವರು ಈ ವಿಧಿಯನ್ನು ಉಲ್ಲೇಖಿಸಿದರೆ, ಬೆಂಬಲಿಸುವವರು ದ್ರಾಕ್ಷಿ ಬೆಳೆಗಾರರ ಆದಾಯವನ್ನು ಮುಂದಿಡುತ್ತಾರೆ.

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು 1988ರಲ್ಲಿಯೇ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಪೂರ್ಣವಾಗಿ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿದೆ. ವೈನ್ ಕೂಡ ಇದಕ್ಕೆ ಹೊರತಲ್ಲ.

ಇವನ್ನೂ ನೋಡಿ

ದ್ರಾಕ್ಷಿ
ಬೆಂಗಳೂರು ನೀಲಿ ದ್ರಾಕ್ಷಿ
ನಂದಿಬೆಟ್ಟ
ಹುದುಗುವಿಕೆ
ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ
ಮಂಡ್ಯ ಜಿಲ್ಲೆ